ಶಾಲೆಯಿಂದ ಬಂದ ತಪಾಸಣೆ ಚೀಟಿ: ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಆತುರಪಡಬೇಕು

ಪ್ರಶ್ನೆ: ನಮ್ಮದು ಪಾವಗಡ ತಾಲ್ಲೂಕಿನ ಒಂದು ಹಳ್ಳಿ. ಮಗಳಿಗೆ ಒಂಬತ್ತು ವರ್ಷ, ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಹೋದ ವಾರ ಡಾಕ್ಟರ್ ತಂಡ ಬಂದು ಮಕ್ಕಳನ್ನೆಲ್ಲ ತಪಾಸಣೆ ಮಾಡಿ ಹೋದರು. ಸಂಜೆ ಅವಳು ತಂದ ಚೀಟಿಯಲ್ಲಿ ಬಲಗಣ್ಣು 6/6, ಎಡಗಣ್ಣು 6/24, ಹಿಮೋಗ್ಲೋಬಿನ್ 9.8, ಹೃದಯದಲ್ಲಿ ಶಬ್ದ, ಹಲ್ಲಿನಲ್ಲಿ ಕಲೆ, ದೊಡ್ಡ ಆಸ್ಪತ್ರೆಗೆ ತೋರಿಸಿ ಎಂದು ಬರೆದಿದೆ. ಮಗು ಆಡಿಕೊಂಡು ಚೆನ್ನಾಗೇ ಇದೆ, ಓದಿನಲ್ಲೂ ಮುಂದಿದೆ. ಒಂದು ಮಗುವಿಗೆ ಎರಡು ನಿಮಿಷವೂ ಹಿಡಿಯಲಿಲ್ಲವಂತೆ, ಅಷ್ಟರಲ್ಲಿ ಇಷ್ಟೆಲ್ಲ ಹೇಗೆ ಗೊತ್ತಾಗುತ್ತದೆ? ಹೆಣ್ಣು ಮಗುವಿಗೆ ಈಗಲೇ ಕನ್ನಡಕ ಹಾಕಿಸಬೇಡ ಎಂದು ಅತ್ತೆ ಹೇಳುತ್ತಾರೆ. ಹೃದಯ ಎಂಬ ಮಾತು ಓದಿದಾಗಿನಿಂದ ನನಗೆ ನಿದ್ದೆ ಇಲ್ಲ. ಏನು ಮಾಡಲಿ?

ಉತ್ತರ: ತಾಯಿ, ಮೊದಲು ನಿಮ್ಮ ನಿದ್ದೆಯ ವಿಷಯ. ಆ ಚೀಟಿಯಲ್ಲಿ ನಿಮ್ಮನ್ನು ಹೆದರಿಸಿದ್ದು ಹೃದಯ. ಮಕ್ಕಳ ವೈದ್ಯನಾಗಿ ನನಗೆ ಆತುರ ಕಾಣುತ್ತಿರುವುದು ಎಡಗಣ್ಣಿನಲ್ಲಿ. ಹೃದಯದ ಶಬ್ದವನ್ನು ನೀವು ತೋರಿಸಲೇಬೇಕು, ಆದರೆ ಅದು ಏನೂ ಅಲ್ಲದೆ ಹೋಗುವ ಸಾಧ್ಯತೆಯೇ ಹೆಚ್ಚು. ಕಣ್ಣು ಹಾಗಲ್ಲ. ಅದಕ್ಕೆ ವಯಸ್ಸಿನ ಗಡುವಿದೆ, ಆ ಗಡುವು ಈಗ ಓಡುತ್ತಿದೆ.

ಎರಡು ನಿಮಿಷದಲ್ಲಿ ಹೇಗೆ ಗೊತ್ತಾಯಿತು ಎಂದು ಕೇಳಿದ್ದೀರಿ. ಗೊತ್ತಾಗಿಲ್ಲ, ಗೊತ್ತು ಮಾಡಿಕೊಳ್ಳುವುದು ಅವರ ಕೆಲಸವೂ ಅಲ್ಲ. ನೀವು ರಾಗಿಯನ್ನು ಜರಡಿ ಹಿಡಿಯುತ್ತೀರಲ್ಲ, ಹಾಗೆ ಅದು. ಜರಡಿಯ ಮೇಲೆ ಉಳಿದದ್ದೆಲ್ಲ ಕಲ್ಲಲ್ಲ, ಕೈಯಲ್ಲಿ ಆರಿಸಿ ನೋಡಬೇಕು. ಕೆಳಗೆ ಇಳಿದದ್ದರಲ್ಲೂ ಒಂದೊಂದು ಹರಳು ಇದ್ದೀತು. ತಂಡದವರು ನಿಮ್ಮ ಮಗಳಿಗೆ ಕಾಯಿಲೆ ಇದೆ ಎಂದು ಹೇಳಲಿಲ್ಲ. ಇಷ್ಟು ಮಕ್ಕಳಲ್ಲಿ ಇನ್ನೊಮ್ಮೆ ಸಾವಧಾನವಾಗಿ ನೋಡಬೇಕಾದವಳು ಇವಳು ಎಂದು ಹೇಳಿ ಹೋದರು. ಅಷ್ಟಕ್ಕೆ ಎರಡು ನಿಮಿಷ ಸಾಲುತ್ತದೆ. ಆದರೆ ಆಮೇಲೆ ಯಾರೂ ಕೈಯಲ್ಲಿ ಆರಿಸಿ ನೋಡದಿದ್ದರೆ ಆ ಎರಡು ನಿಮಿಷವೂ ದಂಡ.

ನಿಮ್ಮ ಶಾಲೆಗೆ ಬಂದದ್ದು ಆರ್‌ಬಿಎಸ್‌ಕೆ ತಂಡ ಇರಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾಯಿತು. ಹುಟ್ಟಿದ ಮಗುವಿನಿಂದ 18 ವರ್ಷದವರೆಗೆ ಎಲ್ಲರೂ ಇದರ ವ್ಯಾಪ್ತಿಗೆ ಬರುತ್ತಾರೆ. ಹುಟ್ಟಿನಿಂದ ಬಂದ ದೋಷ, ಪೋಷಕಾಂಶದ ಕೊರತೆ, ಮಕ್ಕಳ ಕಾಯಿಲೆ, ಬೆಳವಣಿಗೆಯ ಹಿನ್ನಡೆ ಎಂದು ನಾಲ್ಕು ಗುಂಪಿನಲ್ಲಿ ಸುಮಾರು 30 ತೊಂದರೆಗಳನ್ನು ಹುಡುಕುತ್ತಾರೆ. ಒಂದು ತಂಡದಲ್ಲಿ ಇಬ್ಬರು ಆಯುಷ್ ವೈದ್ಯರು, ಒಬ್ಬ ನರ್ಸಮ್ಮ, ಒಬ್ಬ ಫಾರ್ಮಸಿಸ್ಟ್ ಇರಬೇಕೆಂಬುದು ನಿಯಮ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ಒಂದು ಸಲ ಬರುತ್ತಾರೆ. ನಮ್ಮ ದೇಶದಲ್ಲಿ ಶಾಲಾ ಮಕ್ಕಳ ತಪಾಸಣೆ ಮೊದಲು ನಡೆದದ್ದು 1909ರಲ್ಲಿ, ಬರೋಡಾ ನಗರದಲ್ಲಿ. ನೂರು ವರ್ಷ ದಾಟಿದರೂ ನಮ್ಮ ಕಷ್ಟ ಮಾತ್ರ ಬದಲಾಗಿಲ್ಲ: ಚೀಟಿ ಬರೆಯುವುದು ಸುಲಭ, ಆ ಚೀಟಿ ಆಸ್ಪತ್ರೆಗೆ ತಲುಪುವುದು ಕಷ್ಟ.

ಈಗ ಕಣ್ಣಿಗೆ ಬರೋಣ. 6/24 ಎಂದರೆ, ಚೆನ್ನಾಗಿ ಕಾಣುವ ಕಣ್ಣು 24 ಮೀಟರ್ ದೂರದಿಂದ ಓದುವ ಅಕ್ಷರವನ್ನು ನಿಮ್ಮ ಮಗಳ ಎಡಗಣ್ಣು 6 ಮೀಟರ್ ಹತ್ತಿರಕ್ಕೆ ಬಂದರೆ ಮಾತ್ರ ಓದುತ್ತದೆ. ಬಲಗಣ್ಣು 6/6, ಅಂದರೆ ಪೂರ್ತಿ ಚೆನ್ನಾಗಿದೆ. ಆ ಒಂದು ಒಳ್ಳೆಯ ಕಣ್ಣೇ ಇಷ್ಟು ದಿನ ಎಲ್ಲವನ್ನೂ ಮುಚ್ಚಿಟ್ಟಿದೆ. ಎರಡೂ ಕಣ್ಣು ತೆರೆದಿರುವಾಗ ಅವಳಿಗೆ ಬೋರ್ಡ್ ಕಾಣುತ್ತದೆ, ಪುಸ್ತಕ ಕಾಣುತ್ತದೆ, ಓದಿನಲ್ಲಿ ಮುಂದೆಯೂ ಇರುತ್ತಾಳೆ. ಅವಳು ನಿಮಗೆ ಹೇಳಲಿಲ್ಲವೇಕೆ ಎಂದು ಬೇಸರಪಡಬೇಡಿ. ಹುಟ್ಟಿದಾಗಿನಿಂದ ಹಾಗೇ ಕಂಡ ಮಗುವಿಗೆ ಅದೇ ಸರಿಯಾದ ನೋಟ. ಎಲ್ಲರಿಗೂ ಲೋಕ ಹೀಗೇ ಕಾಣುತ್ತದೆ ಎಂದುಕೊಂಡಿರುತ್ತದೆ. ತನಗೆ ಎಂದೂ ಇಲ್ಲದ್ದನ್ನು ಕಳೆದುಕೊಂಡೆ ಎಂದು ಯಾವ ಮಗುವೂ ಅಮ್ಮನ ಹತ್ತಿರ ಬಂದು ಹೇಳುವುದಿಲ್ಲ. ಆಡಿಕೊಂಡು ಚೆನ್ನಾಗಿರುವ ಮಕ್ಕಳನ್ನೂ ಸಾಲಾಗಿ ನಿಲ್ಲಿಸಿ ತಪಾಸಣೆ ಮಾಡುವುದು ಇದಕ್ಕಾಗಿಯೇ.

ಮನೆಯಲ್ಲೇ ಒಮ್ಮೆ ನೋಡಿ. ಬೆಳಕಿರುವ ಕೋಣೆಯಲ್ಲಿ ಗೋಡೆಯ ಕ್ಯಾಲೆಂಡರ್‌ನಿಂದ ಆದಷ್ಟು ದೂರ ಅವಳನ್ನು ನಿಲ್ಲಿಸಿ. ನಿಮ್ಮ ಅಂಗೈಯಿಂದ ಅವಳ ಬಲಗಣ್ಣು ಮುಚ್ಚಿ ತಾರೀಖುಗಳನ್ನು ಓದಿಸಿ. ಆಮೇಲೆ ಎಡಗಣ್ಣು ಮುಚ್ಚಿ ಬೇರೆ ಸಾಲು ಓದಿಸಿ. ಬೆರಳಿನಿಂದ ಮುಚ್ಚಬೇಡಿ, ಸಂದಿಯಲ್ಲಿ ಇಣುಕುತ್ತಾರೆ. ಅದೇ ಸಾಲನ್ನು ಎರಡು ಸಲ ಕೇಳಬೇಡಿ, ಬಾಯಿಪಾಠ ಒಪ್ಪಿಸುತ್ತಾರೆ. ಸಾಲಿನಲ್ಲಿ ಹಿಂದೆ ನಿಂತ ಮಗು ಮುಂದಿನವರು ಓದುವುದನ್ನು ಕೇಳಿಕೊಂಡೇ ಇಡೀ ಚಾರ್ಟನ್ನು ತಪ್ಪಿಲ್ಲದೆ ಒಪ್ಪಿಸುವುದನ್ನು ನಾನು ಎಷ್ಟೋ ಶಾಲೆಯಲ್ಲಿ ನೋಡಿದ್ದೇನೆ. ಪಾಪ, ಅವರು ಮೋಸ ಮಾಡುತ್ತಿರುವುದಿಲ್ಲ, ಪರೀಕ್ಷೆಯಲ್ಲಿ ಪಾಸಾಗಬೇಕು ಎಂದುಕೊಂಡಿರುತ್ತಾರೆ. ಮನೆಯ ಈ ಪರೀಕ್ಷೆಯಲ್ಲಿ ಎರಡು ಕಣ್ಣಿಗೂ ವ್ಯತ್ಯಾಸ ಕಂಡರೆ ಚೀಟಿ ನಿಜ ಹೇಳುತ್ತಿದೆ. ಕಾಣದಿದ್ದರೂ ಆಸ್ಪತ್ರೆಗೆ ಹೋಗುವುದನ್ನು ಬಿಡಬೇಡಿ.

ಒಂದು ಕಣ್ಣು ಮಾತ್ರ ಹೀಗೆ ಮಂಜಾಗಿರುವುದಕ್ಕೆ ಸಾಮಾನ್ಯ ಕಾರಣ, ಎರಡು ಕಣ್ಣಿನ ಪವರ್ ಬೇರೆಬೇರೆ ಇರುವುದು. ಎಡಗಣ್ಣಿನಿಂದ ಮಸುಕಾದ ಚಿತ್ರ, ಬಲಗಣ್ಣಿನಿಂದ ಸ್ಪಷ್ಟ ಚಿತ್ರ ಬರುತ್ತಿದ್ದರೆ ಮೆದುಳು ಸ್ಪಷ್ಟವಾದದ್ದನ್ನೇ ಇಟ್ಟುಕೊಂಡು ಮಸುಕಾದದ್ದನ್ನು ಬಿಡುತ್ತಾ ಹೋಗುತ್ತದೆ. ವರ್ಷಗಟ್ಟಲೆ ಹೀಗೆ ಬಿಟ್ಟರೆ ಆಮೇಲೆ ಕನ್ನಡಕ ಹಾಕಿದರೂ ಆ ಕಣ್ಣು ಪೂರ್ತಿ ಕಾಣುವುದಿಲ್ಲ. ಇದಕ್ಕೆ ಸೋಮಾರಿ ಕಣ್ಣು ಎನ್ನುತ್ತಾರೆ. ಆ ಹೆಸರು ನನಗೆ ಇಷ್ಟವಿಲ್ಲ, ಕಣ್ಣಿನ ತಪ್ಪೇನೂ ಅದರಲ್ಲಿಲ್ಲ. ಇದರ ಚಿಕಿತ್ಸೆಗೆ ಏಳೆಂಟು ವರ್ಷದೊಳಗಿನ ವಯಸ್ಸು ಎಲ್ಲಕ್ಕಿಂತ ಒಳ್ಳೆಯದು. ಒಂಬತ್ತಕ್ಕೆ ಬಾಗಿಲು ಮುಚ್ಚಿಲ್ಲ, ಹನ್ನೆರಡರವರೆಗೂ ಒಳ್ಳೆಯ ಸುಧಾರಣೆ ಕಾಣುವ ಮಕ್ಕಳಿದ್ದಾರೆ. ಆದರೆ ತಡವಾದಷ್ಟೂ ಸಿಗುವುದು ಕಡಿಮೆ. ಚಿಕಿತ್ಸೆ ದೊಡ್ಡದೇನಲ್ಲ. ಮೊದಲು ಸರಿಯಾದ ಕನ್ನಡಕ, ಕೆಲವು ವಾರ ನೋಡಿ ಬೇಕಾದರೆ ಒಳ್ಳೆಯ ಕಣ್ಣಿಗೆ ದಿನಕ್ಕೆ ಎರಡು ಗಂಟೆಯೋ ಇನ್ನೂ ಹೆಚ್ಚೋ ಪಟ್ಟಿ ಹಾಕಿ, ಬಿಟ್ಟುಹೋದ ಕಣ್ಣಿಂದ ಓದಿಸುವುದು, ಬರೆಸುವುದು, ಹೂವು ಕಟ್ಟಿಸುವುದು.

ನಿಮ್ಮ ಅತ್ತೆಯವರಿಗೆ ಗೌರವದಿಂದಲೇ ಹೇಳಿ, ಕನ್ನಡಕ ಹಾಕಿದರೆ ಪವರ್ ಏರುವುದಿಲ್ಲ. ಹಾಕದಿದ್ದರೆ ಇಳಿಯುವುದೂ ಇಲ್ಲ. ಕಣ್ಣಿಗೆ ಹರಳೆಣ್ಣೆ, ಜೇನು ಬಿಡುವುದರಿಂದ ಪವರ್ ಹೋಗುವುದಿಲ್ಲ, ಕಣ್ಣು ಕೆಡಬಹುದು. ಮದುವೆಯ ಚಿಂತೆ ಅವರಿಗಿರುವುದು ಮೊಮ್ಮಗಳ ಮೇಲಿನ ಪ್ರೀತಿಯಿಂದಲೇ. ಆದರೆ ಆ ವಯಸ್ಸಿಗೆ ಅವಳಿಗೆ ಬೇಕಾದಾಗ ಕನ್ನಡಕ ತೆಗೆದಿಡಲು ದಾರಿಗಳಿವೆ, ಈಗ ಬಿಟ್ಟುಹೋದ ದೃಷ್ಟಿಯನ್ನು ಆಗ ತರಲು ಯಾವ ದಾರಿಯೂ ಇಲ್ಲ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಬಹಳ ಹಿಂದೆ ನಾನೇ ಒಂದು ಶಾಲೆಯಲ್ಲಿ ಒಬ್ಬ ಹುಡುಗನಿಗೆ ಇಂಥದೇ ಚೀಟಿ ಬರೆದುಕೊಟ್ಟಿದ್ದೆ. ಆಗ ಅವನಿಗೆ ಏಳು ವರ್ಷ. ಐದಾರು ವರ್ಷ ಕಳೆದು ಅದೇ ಊರಿನ ಹೈಸ್ಕೂಲಿಗೆ ಹೋದಾಗ ಅವನು ಮತ್ತೆ ನನ್ನ ಮುಂದೆ ನಿಂತ. ಅದೇ ಕಣ್ಣು, ಹಾಗೇ ಇತ್ತು. ಚೀಟಿ ಏನಾಯಿತು ಎಂದರೆ ಅಪ್ಪನಿಗೆ ಕೊಟ್ಟೆ ಎಂದ. ಅಪ್ಪ ಓದು ಬಾರದ ಕೂಲಿ ಮಾಡುವ ಮನುಷ್ಯ. ನಾನು ಇಂಗ್ಲಿಷಿನಲ್ಲಿ ಗೀಚಿದ್ದ ಒಂದು ಸಾಲನ್ನು ಅವರಿಗೆ ಯಾರೂ ಓದಿ ಹೇಳಿರಲಿಲ್ಲ. ಅವರನ್ನು ದೂರುವುದು ಹೇಗೆ? ಅಂದಿನಿಂದ ನಾನು ಚೀಟಿಯನ್ನು ಕನ್ನಡದಲ್ಲಿ ಬರೆಯುತ್ತೇನೆ, ಎಲ್ಲಿಗೆ, ಯಾವ ವಾರ, ಯಾರನ್ನು ಕಾಣಬೇಕು ಎಂದು ಬರೆಯುತ್ತೇನೆ, ಮೇಷ್ಟರ ಪುಸ್ತಕದಲ್ಲೂ ಒಂದು ಸಾಲು ಬರೆಸುತ್ತೇನೆ. ಆ ಹುಡುಗನ ಕಣ್ಣಿಗೆ ಇದರಿಂದ ಏನೂ ಆಗಲಿಲ್ಲ.

ಇನ್ನು ರಕ್ತ. ಐದರಿಂದ ಹನ್ನೊಂದು ವರ್ಷದ ಮಕ್ಕಳಿಗೆ ಹಿಮೋಗ್ಲೋಬಿನ್ 11.5 ಇರಬೇಕು. 8ರಿಂದ 10.9ರವರೆಗೆ ಮಧ್ಯಮ ರಕ್ತಹೀನತೆ ಎನ್ನುತ್ತೇವೆ, ನಿಮ್ಮ ಮಗಳದು ಆ ಪಟ್ಟಿಗೆ ಬೀಳುತ್ತದೆ. ಆದರೆ ಶಾಲೆಯಲ್ಲಿ ಬೆರಳು ಚುಚ್ಚಿ ನೋಡುವಾಗ ರಕ್ತ ಬಾರದಿದ್ದರೆ ಬೆರಳನ್ನು ಹಿಂಡುತ್ತಾರೆ. ಆಗ ನೀರಿನಂಶ ಬೆರೆತು ಸಂಖ್ಯೆ ನಿಜಕ್ಕಿಂತ ಕಡಿಮೆ ಬರಬಹುದು. ಆದ್ದರಿಂದ ತಾಲ್ಲೂಕು ಆಸ್ಪತ್ರೆಯಲ್ಲಿ ತೋಳಿನ ರಕ್ತ ತೆಗೆಸಿ ಒಮ್ಮೆ ನೋಡಿಸಿ. ಕಡಿಮೆಯೇ ಇದ್ದರೆ ಅವಳ ತೂಕ ನೋಡಿ ಕಬ್ಬಿಣದ ಔಷಧಿ ಬರೆಯುತ್ತಾರೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಗುಲಾಬಿ ಮಾತ್ರೆ (ಹತ್ತು ದಾಟಿದ ಮೇಲೆ ನೀಲಿ) ರಕ್ತ ಕಡಿಮೆಯಾಗದಂತೆ ಕಾಯುವುದಕ್ಕೆ, ಆಗಲೇ ಕಡಿಮೆಯಾದವರಿಗೆ ಅದು ಸಾಲದು. ಇವಳಿಗೆ ದಿನವೂ ಬೇಕು. ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಒಂದು ಗ್ರಾಂ ಹತ್ತಿರ ಏರುತ್ತದೆ. ಏರಿತೆಂದು ಕೂಡಲೇ ನಿಲ್ಲಿಸಬಾರದು. ದೇಹದ ಉಗ್ರಾಣ ತುಂಬುವುದಕ್ಕೆ ಇನ್ನೆರಡು ಮೂರು ತಿಂಗಳು ಬೇಕು. ಏರದಿದ್ದರೆ ಬೇರೆ ಕಾರಣ ಹುಡುಕಬೇಕು, ಮತ್ತೆ ಡಾಕ್ಟರ ಹತ್ತಿರ ಹೋಗಿ.

ಔಷಧಿಯನ್ನು ಊಟವಾದ ಮೇಲೆ ಕೊಡಿ. ಹಾಲಿನ ಜೊತೆಗೋ ಟೀ ಜೊತೆಗೋ ಕೊಡಬೇಡಿ, ಎರಡೂ ಕಬ್ಬಿಣ ದೇಹಕ್ಕೆ ಸೇರದಂತೆ ತಡೆಯುತ್ತವೆ. ಮಲ ಕಪ್ಪಾಗುತ್ತದೆ, ಹೆದರಬೇಡಿ. ಒಂಬತ್ತು ವರ್ಷದ ಮಗುವಿಗೆ ಬೆಳಿಗ್ಗೆ ಸಂಜೆ ಟೀ ಕೊಡುವ ರೂಢಿ ನಿಮ್ಮ ಮನೆಯಲ್ಲೂ ಇದ್ದರೆ ದಯವಿಟ್ಟು ಬಿಡಿಸಿ. ರಾಗಿಮುದ್ದೆ ತಿನ್ನುವವರಿಗೆ ರಕ್ತ ಕಡಿಮೆಯಾಗುವುದಿಲ್ಲ ಎಂಬ ನಂಬಿಕೆ ನಿಮ್ಮ ಕಡೆ ಬಲವಾಗಿದೆ. ರಾಗಿಯ ದೊಡ್ಡ ಗುಣ ಸುಣ್ಣದ ಅಂಶ. ಅದರಲ್ಲಿರುವ ಕಬ್ಬಿಣ ದೇಹಕ್ಕೆ ಸೇರುವುದು ಸ್ವಲ್ಪವೇ. ಮುದ್ದೆಯ ಜೊತೆ ಮೊಳಕೆ ಕಾಳಿನ ಸಾರು, ನುಗ್ಗೆಸೊಪ್ಪು, ಅದರ ಮೇಲೊಂದು ಹೋಳು ನಿಂಬೆಹಣ್ಣು ಹಿಂಡಿದರೆ ಸೇರುವುದು ಹೆಚ್ಚುತ್ತದೆ. ಮಾಂಸ ತಿನ್ನುವ ಮನೆಯಾದರೆ ಮಾಂಸ, ಈಲಿ ಇನ್ನೂ ಒಳ್ಳೆಯದು. ಶಾಲೆಯಲ್ಲಿ ಜಂತುಹುಳು ಮಾತ್ರೆ ಕೊಡುವ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಕೊಕ್ಕೆಹುಳು ಕರುಳಿನಲ್ಲಿ ಕೂತು ರಕ್ತ ಹೀರುತ್ತಿದ್ದರೆ ಸೊಪ್ಪು ಎಷ್ಟು ತಿನ್ನಿಸಿದರೂ ತೂತು ಬಿದ್ದ ಕೊಡಕ್ಕೆ ನೀರು ಹೊಯ್ದ ಹಾಗೆ.

ಹೃದಯದ ಶಬ್ದಕ್ಕೆ ಈಗ ಬಂದೆ, ಏಕೆಂದರೆ ರಕ್ತಕ್ಕೂ ಅದಕ್ಕೂ ಸಂಬಂಧ ಇರಬಹುದು. ರಕ್ತಹೀನತೆ ಇರುವಾಗ ರಕ್ತ ತೆಳುವಾಗಿ ಹೆಚ್ಚು ವೇಗವಾಗಿ ಹರಿಯುತ್ತದೆ. ಕಾಲುವೆಯ ನೀರು ರಭಸವಾದಾಗ ಸದ್ದು ಮಾಡುವಂತೆ ಅದೂ ಸದ್ದು ಮಾಡುತ್ತದೆ. ಜ್ವರ ಬಂದಾಗಲೂ ಹಾಗೇ. ಏನೂ ತೊಂದರೆ ಇಲ್ಲದ ಗಟ್ಟಿ ಮಕ್ಕಳಲ್ಲೂ ಈ ವಯಸ್ಸಿನಲ್ಲಿ ಇಂಥ ಶಬ್ದ ಬಹಳ ಸಾಮಾನ್ಯ. ಗಲಾಟೆಯ ಶಾಲೆಯ ಕೋಣೆಯಲ್ಲಿ ಸ್ಟೆತಸ್ಕೋಪ್ ಇಟ್ಟು ಅದು ಯಾವ ಶಬ್ದ ಎಂದು ಬಿಡಿಸಿ ಹೇಳುವುದು ಕಷ್ಟ, ಅದಕ್ಕೇ ಬರೆದುಕೊಟ್ಟಿದ್ದಾರೆ. ಎಕೋ ಎಂಬ ಸ್ಕ್ಯಾನ್ ಮಾಡಿದರೆ ತಿಳಿಯುತ್ತದೆ. ಚುಚ್ಚುವುದಿಲ್ಲ, ನೋವಾಗುವುದಿಲ್ಲ.

ನಿಮ್ಮನ್ನು ನಾನು ಕೇಳುವುದು ಇಷ್ಟು. ಓಡಿದಾಗ ಬೇರೆ ಮಕ್ಕಳಿಗಿಂತ ಬೇಗ ಕೂತುಬಿಡುತ್ತಾಳೆಯೇ? ತುಟಿ, ಉಗುರು ನೀಲಿಯಾಗುತ್ತವೆಯೇ? ಆಡುವಾಗ ಎದೆನೋವು, ತಲೆಸುತ್ತಿ ಬೀಳುವುದು ಆಗಿದೆಯೇ? ಪದೇಪದೇ ನ್ಯುಮೋನಿಯಾ ಆಗಿತ್ತೇ? ಗಂಟಲುನೋವು ಬಂದು ಎರಡು ಮೂರು ವಾರದ ಮೇಲೆ ಮಂಡಿ, ಹರಡು ಒಂದಾದ ಮೇಲೊಂದು ಊದಿ ನೋವಾಗಿತ್ತೇ? ಕೊನೆಯದನ್ನು ನೆನಪು ಮಾಡಿಕೊಂಡು ಡಾಕ್ಟರಿಗೆ ತಪ್ಪದೆ ಹೇಳಿ. ಅದು ಕೀಲಿಗೆ ಬಂದು ಹೋಗಿ ಹೃದಯದ ಕವಾಟದಲ್ಲಿ ಉಳಿಯುವ ಜ್ವರ, ಐದರಿಂದ ಹದಿನೈದು ವರ್ಷದ ಮಕ್ಕಳಲ್ಲೇ ಹೆಚ್ಚು. ಬೇಗ ತಿಳಿದರೆ ಮೂರು ವಾರಕ್ಕೊಂದು ಪೆನಿಸಿಲಿನ್ ಚುಚ್ಚುಮದ್ದಿನಿಂದ ಅದು ಮರುಕಳಿಸುವುದನ್ನು ತಡೆಯಬಹುದು. ಇವುಗಳಲ್ಲಿ ಒಂದಾದರೂ ಹೌದಾದರೆ ಈ ವಾರವೇ ಹೋಗಿ. ಯಾವುದೂ ಇಲ್ಲದಿದ್ದರೆ ಒಂದು ತಿಂಗಳೊಳಗೆ ತೋರಿಸಿದರೆ ಸಾಕು. ಅಲ್ಲಿಯವರೆಗೆ ಆಡಬೇಡ, ಓಡಬೇಡ ಎಂದು ಮಗುವನ್ನು ಕೂರಿಸಬೇಡಿ. ನಿನಗೆ ಹೃದಯದಲ್ಲಿ ಏನೋ ಇದೆ ಎಂದು ಅವಳ ಎದುರಿಗೆ ಮಾತಾಡಲೂ ಬೇಡಿ. ಆ ಮಾತು ತಪಾಸಣೆ ಮುಗಿದರೂ ಮಗುವಿನ ಮನಸ್ಸಿನಿಂದ ಹೋಗುವುದಿಲ್ಲ.

ಹಲ್ಲಿನ ಕಲೆಯ ಬಗ್ಗೆ ನೀವು ಏನೂ ಕೇಳಿಲ್ಲ. ಪಾವಗಡದವರು ಯಾರೂ ಕೇಳುವುದಿಲ್ಲ, ಏಕೆಂದರೆ ಅಲ್ಲಿ ಅದು ಎಲ್ಲರ ಮನೆಯಲ್ಲೂ ಇದೆ. ಅಡ್ಡಗೆರೆಯಂತೆ ಹಳದಿ, ಕಂದು ಬಣ್ಣದ ಕಲೆಯಾಗಿದ್ದರೆ ಅದು ಹಲ್ಲುಜ್ಜದ ತಪ್ಪಲ್ಲ, ಕೊಳವೆಬಾವಿಯ ನೀರಿನಲ್ಲಿರುವ ಫ್ಲೋರೈಡ್. ಹಾಗಾಗಿ ಅದಕ್ಕಾಗಿ ಮಗುವನ್ನು ಬೈಯಬೇಡಿ. ಲೀಟರಿಗೆ ಒಂದು ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಒಪ್ಪಬಹುದು ಎಂಬುದು ನಮ್ಮ ದೇಶದ ಮಾನದಂಡ. ಹಲ್ಲಿನ ಹೊರಪದರ ದವಡೆಯೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಹೆಚ್ಚುಕಡಿಮೆ ಎಂಟು ವರ್ಷದೊಳಗೆ, ಅದಕ್ಕಿಂತ ಹೆಚ್ಚು ಕುಡಿದರೆ ಕಲೆ ಬೀಳುತ್ತದೆ. ಒಮ್ಮೆ ಬಿದ್ದದ್ದು ಉಜ್ಜಿದರೆ ಹೋಗುವುದಿಲ್ಲ. ಹಾಗಾಗಿ ಈ ಕಲೆ ಮಗಳಿಗಿಂತ ಹೆಚ್ಚಾಗಿ ಮನೆಯಲ್ಲಿರುವ ಚಿಕ್ಕ ಮಕ್ಕಳಿಗೆ, ತೊಟ್ಟಿಲಲ್ಲಿರುವ ಕೂಸಿಗೆ ಕೊಟ್ಟ ಎಚ್ಚರಿಕೆ. ಕುಡಿಯುವುದಕ್ಕಷ್ಟೇ ಅಲ್ಲ, ಅಡಿಗೆಗೂ ಶುದ್ಧ ನೀರಿನ ಘಟಕದ ನೀರು ಬಳಸಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಅದು ಇನ್ನಷ್ಟು ದಟ್ಟವಾಗುತ್ತದೆ. ಬಹಳ ವರ್ಷ ಅದೇ ನೀರು ಕುಡಿದವರ ಮೂಳೆ, ಬೆನ್ನು ಹೇಗಾಗುತ್ತದೆ ಎಂದು ನಿಮ್ಮ ಸೀಮೆಯಲ್ಲಿ ನಾನು ಹೇಳಬೇಕಾಗಿಲ್ಲ.

ಖಾಸಗಿ ಶಾಲೆಗೆ ಮಕ್ಕಳನ್ನು ಕಳಿಸುವ ಓದುಗರಿಗೂ ಒಂದು ಮಾತು. ಆರ್‌ಬಿಎಸ್‌ಕೆ ತಂಡ ಸಾಮಾನ್ಯವಾಗಿ ನಿಮ್ಮ ಶಾಲೆಗೆ ಬರುವುದಿಲ್ಲ. ಸಾವಿರಾರು ರೂಪಾಯಿ ಫೀಸು ಕಟ್ಟಿದರೂ ಕಣ್ಣು ಪರೀಕ್ಷೆಯಾಗದೆ ಹತ್ತನೇ ಕ್ಲಾಸು ಮುಟ್ಟಿದ ಮಕ್ಕಳನ್ನು ನಾನು ನೋಡಿದ್ದೇನೆ. ಒಂದನೇ ಕ್ಲಾಸಿಗೆ ಸೇರಿಸುವ ಮೊದಲು ಒಂದೊಂದು ಕಣ್ಣನ್ನೂ ಬೇರೆಬೇರೆಯಾಗಿ ಪರೀಕ್ಷೆ ಮಾಡಿಸಿ. ಪ್ರತಿ ಹುಟ್ಟುಹಬ್ಬಕ್ಕೆ ಎತ್ತರ, ತೂಕ ಬರೆದಿಡಿ. ಈ ವಯಸ್ಸಿನ ಮಗು ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯಬೇಕು, ನಾಲ್ಕಕ್ಕಿಂತ ಕಡಿಮೆಯಾದರೆ ತೋರಿಸಿ. ಕಿವಿ ಸೋರುವುದನ್ನು, ಟಿವಿ ಸದ್ದು ಜಾಸ್ತಿ ಮಾಡುವುದನ್ನು ಅಲಕ್ಷಿಸಬೇಡಿ. ಆರು ವರ್ಷಕ್ಕೆ ಹಿಂದುಗಡೆ ಬರುವ ದವಡೆ ಹಲ್ಲು ಹಾಲುಹಲ್ಲಲ್ಲ, ಅದು ಬಿದ್ದರೆ ಮತ್ತೆ ಬಾರದು.

ತಪಾಸಣೆ ಚೀಟಿ ಖಾಲಿ ಬಂದವರಿಗೂ ಹೇಳುತ್ತೇನೆ, ಆ ಎರಡು ನಿಮಿಷಕ್ಕೆ ಕಾಣದ್ದು ಬಹಳವಿದೆ. ಅಕ್ಷರ ತಿರುವುಮುರುವಾಗುವ ಮಗು, ಇದ್ದಕ್ಕಿದ್ದಂತೆ ಮಾತು ಬಿಟ್ಟ ಮಗು, ಬಹಳ ನೀರು ಕುಡಿದು ಪದೇಪದೇ ಮೂತ್ರಕ್ಕೆ ಹೋಗಿ ಸೊರಗುತ್ತಿರುವ ಮಗು, ಶಾಲೆಗೆ ಹೋಗಲು ಹೆದರುವ ಮಗು, ಇವರನ್ನು ಯಾವ ಚಾರ್ಟೂ ಹಿಡಿಯುವುದಿಲ್ಲ. ಇವರನ್ನು ಮೊದಲು ಕಾಣುವವರು ವರ್ಷವಿಡೀ ಎದುರಿಗಿರುವ ಮೇಷ್ಟ್ರು, ಟೀಚರಮ್ಮ. ಅವರು ಕರೆದು ಏನೋ ಹೇಳಿದರೆ ನಮ್ಮ ಮಗುವಿನ ಮೇಲೆ ದೂರು ಎಂದುಕೊಳ್ಳಬೇಡಿ.

ಇನ್ನು ನಿಮ್ಮ ಪ್ರಯಾಣ. ಪಾವಗಡದಿಂದ ತುಮಕೂರಿಗೆ ಹತ್ತಿರ ಹತ್ತಿರ ನೂರು ಕಿಲೋಮೀಟರು, ಒಂದು ದಿನದ ಕೂಲಿ ಹೋಗುತ್ತದೆ. ಆದ್ದರಿಂದ ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ, ಕಣ್ಣು ನೋಡುವವರು ಯಾವ ದಿನ ಇರುತ್ತಾರೆ ಎಂದು ಕೇಳಿಕೊಳ್ಳಿ. ಕಣ್ಣಿಗೆ ಔಷಧಿ ಬಿಟ್ಟು ಪಾಪೆ ಅಗಲಿಸಿ ಪವರ್ ನೋಡಿಸಿ ಎಂದು ನೀವೇ ಕೇಳಿ. ಮಕ್ಕಳ ಪವರ್ ಸರಿಯಾಗಿ ಸಿಗುವುದು ಹಾಗೇ. ಒಂದು ದಿನವೋ ಇನ್ನೂ ಕೆಲವು ದಿನವೋ ಅವಳಿಗೆ ಹತ್ತಿರದ್ದು ಮಸುಕಾಗುತ್ತದೆ, ಪರೀಕ್ಷೆಯ ವಾರ ಬೇಡ. ಎಕೋಗೆ ಯಾವ ದಿನ, ಎಲ್ಲಿ ಎಂದು ಗೊತ್ತು ಮಾಡಿಕೊಡುವುದು ಆರ್‌ಬಿಎಸ್‌ಕೆ ತಂಡದ ಕೆಲಸ. ಹೆಡ್‌ಮಾಸ್ಟರ ಹತ್ತಿರ ಅವರ ಫೋನ್ ನಂಬರ್ ಇರುತ್ತದೆ, ನಾಚಿಕೆ ಬಿಟ್ಟು ಮಾಡಿ. ಈ ಕಾರ್ಯಕ್ರಮದಲ್ಲಿ ಕಂಡುಹಿಡಿದ ತೊಂದರೆಗೆ ಚಿಕಿತ್ಸೆ ಉಚಿತ, ಆಪರೇಷನ್ ಬೇಕಾದರೂ ಉಚಿತ. ಶಾಲಾ ಮಕ್ಕಳಿಗೆ ಕನ್ನಡಕವನ್ನೂ ಸರ್ಕಾರ ಉಚಿತವಾಗಿ ಕೊಡುತ್ತದೆ. ರೇಷನ್ ಕಾರ್ಡ್, ಮಗುವಿನ ಆಧಾರ್, ಶಾಲೆಯ ಆ ಚೀಟಿ, ಮೂರನ್ನೂ ಒಂದೇ ಪ್ಲಾಸ್ಟಿಕ್ ಕವರಿನಲ್ಲಿಡಿ. ಹೋದಲ್ಲೆಲ್ಲ ಡಾಕ್ಟರಿಂದ ಏನು ಕಂಡಿತು, ಮುಂದೆ ಯಾವಾಗ ಬರಬೇಕು ಎಂದು ಚೀಟಿಯ ಹಿಂಬದಿಯಲ್ಲಿ ಕನ್ನಡದಲ್ಲಿ ಬರೆಸಿಕೊಳ್ಳಿ, ಅದರದೊಂದು ಜೆರಾಕ್ಸ್ ಕ್ಲಾಸ್ ಟೀಚರಿಗೆ ಕೊಡಿ. ಕನ್ನಡಕ ಬಂದ ದಿನದಿಂದ ಅವಳು ಅದನ್ನು ತರಗತಿಯಲ್ಲಿ ತೆಗೆದು ಚೀಲದಲ್ಲಿಡುತ್ತಾಳೋ ಇಲ್ಲವೋ ಎಂದು ನೋಡಿಕೊಳ್ಳಬೇಕಾದವರು ಅವರೇ.